ಒಗ್ಗರಣೆ ಬೇಡದ ಕರ್ರಿ

ಜಪಾನಿನ ಕರ್ರಿಗೆ ಸಾಸಿವೆ ಇಲ್ಲ, ಕರಿಬೇವು ಇಲ್ಲ, ಇಂಗೂ ಇಲ್ಲ. ಕಾಯಿ ರುಬ್ಬುವ ಗೋಜಿಲ್ಲ, ಹುಣಸೆಹಣ್ಣು ಕಿವುಚುವ ಕೆಲಸವಿಲ್ಲ. ಮೈದಾಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು ಗಟ್ಟಿ ಗೊಜ್ಜು ಮಾಡುತ್ತಾರೆ, ಸಾಲದ್ದಕ್ಕೆ ಸೇಬು ತುರಿದು ಜೇನುತುಪ್ಪ ಬೆರೆಸುತ್ತಾರೆ. ಅದನ್ನು ಅನ್ನದ ಪಕ್ಕಕ್ಕೆ ಸುರಿದು, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಮಾಂಸದ ಕಟ್ಲೆಟ್ ಒಂದನ್ನು ಮೇಲಿಟ್ಟರೆ ಕಾತ್ಸು ಕರ್ರಿ ಮುಗಿಯಿತು. ನಮ್ಮ ಕಡೆಯ ಯಾವ ಅಜ್ಜಿಗೆ ಇದನ್ನು ವಿವರಿಸಿದರೂ ‘ಇದನ್ನೂ ಸಾರು ಅಂತಾರಾ?’ ಎಂದು ಕೇಳದೆ ಬಿಡುವುದಿಲ್ಲ.

ಅದರಲ್ಲೂ ಇದನ್ನು ಮಾಡಹೊರಟಿರುವ ಜಾಗ ಕೋರಾಡಿ. ನಾಗಪುರದ ಉತ್ತರಕ್ಕೆ, ಕೆರೆಯ ದಂಡೆಯಲ್ಲಿ ಮಹಾಲಕ್ಷ್ಮಿ ಜಗದಂಬೆಯ ದೇವಸ್ಥಾನ, ಅದರ ಹಿನ್ನೆಲೆಗೆ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ಇರುವ ಊರು. ಊಟದ ವಿಷಯಕ್ಕೆ ಬಂದರೆ ಇದು ಸಾವಜಿಯ ಸೀಮೆ. ಹಲಬಾ ಕೋಷ್ಟಿ ನೇಕಾರರ ಮನೆಗಳಿಂದ ಬಂದ ಆ ಅಡುಗೆಯಲ್ಲಿ ಒಣಕೊಬ್ಬರಿ, ಗಸಗಸೆ, ಕಲ್ಲುಹೂವು ಎಲ್ಲ ಕಪ್ಪಗೆ ಹುರಿದು, ಮೇಲೆ ಎರಡು ಬೆರಳು ಎಣ್ಣೆ ತೇಲುವಂತೆ ಮಟನ್ ರಸ್ಸಾ ಕಾಯಿಸುತ್ತಾರೆ. ತಿಂದವರ ಮೂಗು, ಕಣ್ಣು ಎರಡೂ ಸುರಿಯಬೇಕು. ಇಂಥ ಊರಿನಲ್ಲಿ ಸಿಹಿ ಕರ್ರಿ ಮಾಡುತ್ತೇನೆ ಎಂದರೆ ಅಕ್ಕಪಕ್ಕದವರು ಮರುಕದಿಂದ ನೋಡುತ್ತಾರೆ. ಒಬ್ಬಿಬ್ಬರು ಪ್ರೀತಿಯಿಂದಲೇ ಸಾವಜಿ ಮಸಾಲೆಯ ಪೊಟ್ಟಣ ತಂದುಕೊಟ್ಟದ್ದೂ ಉಂಟು. ಅದನ್ನು ಡಬ್ಬಿಗೆ ಹಾಕಿಟ್ಟು, ಬೇರೆ ದಿನಕ್ಕೆ ಮೀಸಲಿಡುವುದು ಲೇಸು.

ಏಕೆಂದರೆ ಇದು ನಮ್ಮ ಸಾರಿನ ಸಪ್ಪೆ ನಕಲಲ್ಲ. ಇದರ ಲೆಕ್ಕವೇ ಬೇರೆ. ಆ ಲೆಕ್ಕ ತಿಳಿಯದೆ ‘ಸ್ವಲ್ಪ ಗರಂ ಮಸಾಲೆ ಹಾಕಿಬಿಡೋಣ’ ಎಂದು ಕೈ ಹಾಕಿದರೆ ಅತ್ತ ಜಪಾನಿದ್ದೂ ಅಲ್ಲ, ಇತ್ತ ನಮ್ಮದೂ ಅಲ್ಲದ ಒಂದು ಪದಾರ್ಥ ತಟ್ಟೆಗೆ ಬೀಳುತ್ತದೆ.

ಹಾಗೆ ನೋಡಿದರೆ ಜಪಾನು ಕೋರಾಡಿಗೆ ಅಷ್ಟೇನೂ ದೂರದ ನೆಂಟನಲ್ಲ. ಇಲ್ಲಿ 2015ರಿಂದ 2017ರ ನಡುವೆ ಶುರುವಾದ 660 ಮೆಗಾವಾಟಿನ ಮೂರು ಘಟಕಗಳಿಗೆ ಬಾಯ್ಲರು, ಟರ್ಬೈನು ಕೊಟ್ಟದ್ದು ಎಲ್ ಆಂಡ್ ಟಿ ಜತೆ ಜಪಾನಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಕಟ್ಟಿದ ಜಂಟಿ ಕಂಪನಿಗಳು. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕಾಮಠಿ. ಅಲ್ಲಿನ ಡ್ರ್ಯಾಗನ್ ಪ್ಯಾಲೇಸ್ ಬುದ್ಧಮಂದಿರ 1999ರಲ್ಲಿ ಎದ್ದದ್ದು ಜಪಾನಿನ ನೊರಿಕೊ ಒಗಾವಾ ಅವರ ನೆರವಿನಿಂದ. ನಾಗಪುರದ ಬೌದ್ಧ ಕ್ಷೇತ್ರ ದೀಕ್ಷಾಭೂಮಿಯ ಸಮಿತಿಯನ್ನು ಮುನ್ನಡೆಸಿದ ಭದಂತ ಸುರೈ ಸಸಾಯಿ ಹುಟ್ಟಾ ಜಪಾನಿನವರು. 1960ರ ದಶಕದಲ್ಲಿ ಬಂದವರು ನಾಗಪುರದವರೇ ಆಗಿಹೋದರು. ಬುದ್ಧನೂ ವಿದ್ಯುತ್ತೂ ಬಂದ ದಾರಿಯಲ್ಲಿ ಒಂದು ತಟ್ಟೆ ಕರ್ರಿಯೂ ಬಂದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಕಾಮಠಿಯ ಹೆಸರು ಬಂತಲ್ಲ, ಅಲ್ಲಿಂದಲೇ ಕರ್ರಿಯ ಕತೆ ಹಿಡಿಯಬಹುದು. ಬ್ರಿಟಿಷರು 1821ರಲ್ಲಿ ಅಲ್ಲಿ ದಂಡು ಬಿಟ್ಟರು. ಅಲ್ಲಿ ಇದ್ದದ್ದು ಮದ್ರಾಸ್ ಸೈನ್ಯದ ತುಕಡಿಗಳು. ನಮ್ಮ ಬೆಂಗಳೂರಿನ ದಂಡು ಪ್ರದೇಶದಲ್ಲಿ ನಡೆದದ್ದೇ ಅಲ್ಲೂ ನಡೆಯಿತು: ಬಟ್ಲರುಗಳು ದೊರೆಗಳಿಗಾಗಿ ನೂರಾರು ಬಗೆಯ ಸಾರು, ಹುಳಿ, ಕೂಟುಗಳನ್ನೆಲ್ಲ ಒಂದೇ ‘ಕರ್ರಿ’ಯಾಗಿಸಿದರು. ಊರಿಗೆ ಮರಳುವ ದೊರೆಗಳ ಜತೆ ಅದು ಪುಡಿಯಾಗಿ ಲಂಡನ್ನಿಗೆ ಹೋಯಿತು. ಅಲ್ಲಿನ ಅಡುಗೆಯವರಿಗೆ ಗೊಜ್ಜು ಗಟ್ಟಿಯಾಗಲು ಮೈದಾ ಬೇಕೇ ಬೇಕು. ಹೀಗೆ ಮೈದಾ ಸೇರಿಸಿಕೊಂಡ ಕರ್ರಿಯನ್ನು ಇಂಗ್ಲಿಷರು ಹಡಗಿನಲ್ಲಿ ಜಪಾನಿಗೆ ಒಯ್ದರು. ಅಂದರೆ ಜಪಾನಿಗೆ ಕರ್ರಿ ನಮ್ಮಿಂದ ನೇರ ಹೋಗಲಿಲ್ಲ. ಅವರ ಪಾಲಿಗೆ ಅದು ಭಾರತದ ಅಡುಗೆ ಆಗಿರಲೇ ಇಲ್ಲ, ಸೂಟುಬೂಟಿನ ಪಾಶ್ಚಾತ್ಯ ಊಟವಾಗಿತ್ತು. ಇವತ್ತಿಗೂ ಜಪಾನೀಯರು ಕರ್ರಿಯನ್ನು ಕಡ್ಡಿಗಳಲ್ಲಿ ತಿನ್ನುವುದಿಲ್ಲ, ಚಮಚದಲ್ಲಿ ತಿನ್ನುತ್ತಾರೆ.

ಅವರ ಭಾಷೆಯಲ್ಲಿ ಕರ್ರಿ ಮಾಡುವ ಬಗೆ ಮೊದಲು ಅಚ್ಚಾದದ್ದು 1872ರಲ್ಲಿ. ಅದೇ ವರ್ಷ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿಯನ್ನು ಜನರಿಗೆ ತಿಳಿಸಲಾಯಿತು. ನೂರಾರು ವರ್ಷ ಬೌದ್ಧ ಕಟ್ಟಳೆಯಲ್ಲಿ ಪ್ರಾಣಿಮಾಂಸಕ್ಕೆ ಹಿಂಜರಿದ ದೇಶ ಅದು. ಮಾಂಸ ತಿನ್ನಲು ಕಲಿಯುವುದೂ ಕರ್ರಿ ತಿನ್ನಲು ಕಲಿಯುವುದೂ ಅಲ್ಲಿ ಒಟ್ಟೊಟ್ಟಿಗೇ ನಡೆಯಿತು. ಆ ಮೊದಲ ಪುಸ್ತಕವೊಂದರ ಕರ್ರಿಯಲ್ಲಿ ಕೋಳಿ, ಸೀಗಡಿಗಳ ಜತೆ ಕಪ್ಪೆಯೂ ಇದೆ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಎಂಬ ಈಗಿನ ಮೂವರು ಬಂದು ಕೂತದ್ದು ಆಮೇಲೆ.

ಕರ್ರಿಯನ್ನು ಮನೆಮನೆಗೆ ಮುಟ್ಟಿಸಿದ್ದು ಅಡುಗೆಪುಸ್ತಕಗಳಲ್ಲ, ಸೈನ್ಯ. ಇಲ್ಲಿ ಒಂದು ರೋಗದ ಕತೆ ಇದೆ. ಜಪಾನಿನ ನೌಕಾಪಡೆಯ ರ್‍ಯೂಜೊ ಎಂಬ ಹಡಗು 1882–83ರಲ್ಲಿ ದೀರ್ಘ ಯಾನಕ್ಕೆ ಹೋದಾಗ 376 ಜನರಲ್ಲಿ 169 ಮಂದಿಗೆ ಬೆರಿಬೆರಿ ತಗಲಿತು, 25 ಜನ ಸತ್ತರು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನೇ ಹೊಟ್ಟೆ ತುಂಬ ಉಣ್ಣುತ್ತಿದ್ದ ನಾವಿಕರಿಗೆ ಬಿ1 ಜೀವಸತ್ವ ಸಿಗುತ್ತಿರಲಿಲ್ಲ. ಜೀವಸತ್ವ ಎಂಬುದೇ ಗೊತ್ತಿಲ್ಲದ ಕಾಲ. ನೌಕಾ ವೈದ್ಯ ತಕಾಕಿ ಕನೆಹಿರೊ ಊಟದಲ್ಲೇ ದೋಷವಿದೆ ಎಂದು ಹಟ ಹಿಡಿದು, 1884ರಲ್ಲಿ ತ್ಸುಕುಬಾ ಹಡಗನ್ನು ಅದೇ ದಾರಿಯಲ್ಲಿ ಬೇರೆ ಊಟ ಕೊಟ್ಟು ಕಳಿಸಿದ. ಮಾಂಸ, ಬಾರ್ಲಿ, ಬ್ರೆಡ್ಡು ಹೆಚ್ಚಿದ ಆ ಹಡಗಿನಲ್ಲಿ ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ಮಾಂಸದಲ್ಲಿ ಪ್ರೋಟೀನು ಇದೆ, ಅದೇ ಕಾರಣ ಎಂದು ಅವನು ತಿಳಿದದ್ದು ತಪ್ಪು. ಕೊಟ್ಟ ಮದ್ದು ಮಾತ್ರ ಸರಿ. (ನಮ್ಮ ಕರಾವಳಿಯವರು ಕುಚ್ಚಲಕ್ಕಿ ತಿಂದು ಈ ಪರೀಕ್ಷೆಯಿಂದ ಪಾರಾದವರು. ಭತ್ತವನ್ನು ಕುದಿಸುವಾಗ ಬಿ1 ಅಕ್ಕಿಯೊಳಕ್ಕೇ ಇಳಿದು ನಿಲ್ಲುತ್ತದೆ.)

ಬ್ರೆಡ್ಡು, ಮಾಂಸ ಎಂದರೆ ಮೂತಿ ತಿರುಗಿಸುತ್ತಿದ್ದ ಹಳ್ಳಿಯ ಹುಡುಗರು ಅನ್ನದ ಮೇಲೆ ಸುರಿದ ಕರ್ರಿಯನ್ನು ಮಾತ್ರ ಬೇಡ ಎನ್ನಲಿಲ್ಲ. ಒಂದೇ ಹಂಡೆಯಲ್ಲಿ ನೂರಾರು ಜನಕ್ಕೆ ಬೇಯುತ್ತದೆ, ಮೈದಾದಿಂದ ಗಟ್ಟಿಯಾದ್ದರಿಂದ ಹಡಗು ಓಲಾಡಿದರೂ ಚೆಲ್ಲುವುದಿಲ್ಲ. 1908ರ ನೌಕಾಪಡೆಯ ಅಡುಗೆ ಕೈಪಿಡಿಯಲ್ಲಿ ಕರ್ರಿ ಅನ್ನ ಸೇರಿಕೊಂಡಿತು. ದಂಡು ಬಿಟ್ಟು ಊರಿಗೆ ಮರಳಿದವರು ಮನೆಯಲ್ಲೂ ಅದನ್ನೇ ಕೇಳಿದರು. ಈಗಲೂ ಜಪಾನಿನ ನೌಕಾ ಆತ್ಮರಕ್ಷಣಾ ಪಡೆಯ ಹಡಗುಗಳಲ್ಲಿ ಶುಕ್ರವಾರ ಕರ್ರಿ. ನಡುಗಡಲಿನಲ್ಲಿ ವಾರದ ದಿನದ ನೆನಪು ಉಳಿಯಲಿ ಎಂದು ಹಾಗಂತೆ.

ಈ ಮೈದಾ ಕರ್ರಿಯ ಮೇಲೆ ಭಾರತೀಯ ತಕರಾರು ಎತ್ತಿದ್ದು ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್. 1912ರಲ್ಲಿ ದಿಲ್ಲಿಯಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬು ಬಿದ್ದ ಪ್ರಕರಣದಲ್ಲಿ ಬೇಕಾದವರಾಗಿ, 1915ರಲ್ಲಿ ಜಪಾನಿಗೆ ತಲೆಮರೆಸಿಕೊಂಡು ಹೋದರು. ಟೋಕಿಯೊದ ಶಿಂಜುಕುವಿನ ನಕಮುರಾಯ ಎಂಬ ಬೇಕರಿಯ ಸೋಮಾ ದಂಪತಿ ಅವರನ್ನು ಬಚ್ಚಿಟ್ಟರು, 1918ರಲ್ಲಿ ಮಗಳು ತೋಶಿಕೊಳನ್ನು ಮದುವೆ ಮಾಡಿಕೊಟ್ಟರು. ಬೇಕರಿಯವರು 1927ರಲ್ಲಿ ಹೋಟೆಲ್ ತೆರೆದಾಗ ಬೋಸರು ಹಟ ಹಿಡಿದು ಮೈದಾ ಇಲ್ಲದ, ಮೂಳೆಸಹಿತ ಕೋಳಿಯ, ನಿಜವಾದ ಭಾರತದ ಕರ್ರಿ ಇಡಿಸಿದರು. ಬೇರೆ ಕಡೆ 10–12 ಸೆನ್‌ಗೆ ಸಿಗುತ್ತಿದ್ದ ಕರ್ರಿಗೆ ಇಲ್ಲಿ 80 ಸೆನ್. ಆದರೂ ಜನ ಮುಗಿಬಿದ್ದರು. ಬ್ರಿಟಿಷರು ಕೆಡಿಸಿದ ಕರ್ರಿಯನ್ನು ಸರಿಮಾಡುವುದೂ ಅವರಿಗೆ ಸ್ವಾತಂತ್ರ್ಯ ಹೋರಾಟದ ಭಾಗವೇ ಆಗಿತ್ತು. ನಕಮುರಾಯದ ಕರ್ರಿ ಇಂದಿಗೂ ಇದೆ. ಜಪಾನು ಮಾತ್ರ ಬೋಸರನ್ನು ಗೌರವಿಸಿತು, ಮೈದಾ ಕರ್ರಿಯನ್ನು ಬಿಡಲಿಲ್ಲ.

ಮುಂದಿನದೆಲ್ಲ ಕಾರ್ಖಾನೆಯ ಕತೆ. ಯಮಜಾಕಿ ಮಿನೆಜಿರೊ 1923ರಲ್ಲಿ ಸ್ವದೇಶಿ ಕರ್ರಿ ಪುಡಿ ಮಾಡಿದ. ಅವನ ಕಂಪನಿಯೇ ಎಸ್ ಆಂಡ್ ಬಿ. ಯುದ್ಧದ ಬಳಿಕ ಮೈದಾ, ಕೊಬ್ಬು, ಮಸಾಲೆ ಎಲ್ಲ ಸೇರಿದ, ಚಾಕೊಲೇಟ್‌ನಂತೆ ಮುರಿದು ಕುದಿಯುವ ನೀರಿಗೆ ಹಾಕುವ ಬಿಲ್ಲೆಗಳು ಬಂದವು. 1963ರಲ್ಲಿ ಹೌಸ್ ಕಂಪನಿ ಸೇಬು, ಜೇನು ಬೆರೆಸಿದ ವರ್ಮಾಂಟ್ ಕರ್ರಿಯನ್ನು ತಂದು ಮಕ್ಕಳನ್ನು ಗೆದ್ದಿತು. 1978ರಲ್ಲಿ ನಗೋಯಾ ಬಳಿ ಶುರುವಾದ ಕೊಕೊ ಇಚಿಬಾನ್ಯಾ ಎಂಬ ಕರ್ರಿ ಹೋಟೆಲು ಸರಪಳಿ 2020ರಲ್ಲಿ ಗುರುಗ್ರಾಮದಲ್ಲಿ ಅಂಗಡಿ ತೆರೆಯಿತು. ಕರ್ರಿಯನ್ನು ತವರಿಗೇ ತಂದು ಮಾರುವ ಎದೆಗಾರಿಕೆಯನ್ನು ಮೆಚ್ಚಬೇಕು.

ಕಟ್ಲೆಟ್ಟಿನದು ಬೇರೆ ದಾರಿ. ಗಿಂಜಾದ ರೆಂಗಾತೇ ಹೋಟೆಲಿನಲ್ಲಿ 1899ರಲ್ಲಿ ಹಂದಿಮಾಂಸಕ್ಕೆ ಬ್ರೆಡ್ ಪುಡಿ ಹಚ್ಚಿ, ನಾವು ಬೋಂಡ ಕರಿಯುವ ಹಾಗೆ ಮುಳುಗುವಷ್ಟು ಎಣ್ಣೆಯಲ್ಲಿ ಕರಿದರು. ಕಾತ್ಸು ಎಂದರೆ ಅದೇ. ಅದು ಕರ್ರಿಯ ಮೇಲೇರಿದ್ದರ ಬಗ್ಗೆ ಒಂದಕ್ಕಿಂತ ಹೆಚ್ಚು ಹೋಟೆಲುಗಳು ಹಕ್ಕು ಹೇಳುತ್ತವೆ. ಜನಪ್ರಿಯ ಕತೆ ಗಿಂಜಾದ ‘ಸ್ವಿಸ್’ನದು: 1948ರಲ್ಲಿ ಬೇಸ್‌ಬಾಲ್ ಆಟಗಾರ ಚಿಬಾ ಶಿಗೆರು ಬೇಗ ತಿಂದು ಆಟಕ್ಕೆ ಓಡಬೇಕಿತ್ತು, ಎರಡನ್ನೂ ಒಂದೇ ತಟ್ಟೆಗೆ ಹಾಕಿ ಎಂದನಂತೆ.

ಈಗ ಅಡುಗೆಮನೆಗೆ ಬರೋಣ. ಬಿಲ್ಲೆಗಳ ಡಬ್ಬಿ ಈಗ ದೊಡ್ಡ ಊರುಗಳ ಅಂಗಡಿಗಳಲ್ಲೂ ಮೊಬೈಲಿನ ಆರ್ಡರಿನಲ್ಲೂ ಸಿಗುತ್ತದೆ. ಆದರೆ ಜಪಾನಿನಲ್ಲೇ ಮಾರುವ ಎಷ್ಟೋ ಬಿಲ್ಲೆಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುತ್ತದೆ. ವಿದೇಶದಿಂದ ಯಾರೋ ತಂದುಕೊಟ್ಟದ್ದಾದರೆ ಡಬ್ಬಿಯ ಮೇಲಿನದನ್ನು ಓದದೆ ಒಲೆಗೆ ಇಡಬೇಡಿ. ನನ್ನ ಮತ ಕೇಳಿದರೆ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಕೋರಾಡಿಗಿಂತ ಪ್ರಶಸ್ತ ಜಾಗ ಇನ್ನೊಂದಿಲ್ಲ.

ಕಾರಣ, ಕಿತ್ತಳೆ ಸಿಪ್ಪೆ. ಎಸ್ ಆಂಡ್ ಬಿಯ ಕೆಂಪು ಡಬ್ಬಿಯ ಪುಡಿಯಲ್ಲಿ ಅರಿಶಿನ, ಕೊತ್ತಂಬರಿ, ಮೆಂತ್ಯ, ಜೀರಿಗೆಗಳ ಸಾಲಿನಲ್ಲೇ ಒಣಗಿದ ಕಿತ್ತಳೆ ಸಿಪ್ಪೆಯೂ ಇರುತ್ತದೆ. ಅದರ ವಾಸನೆಯೇ ಜಪಾನಿ ಕರ್ರಿಯನ್ನು ನಮ್ಮ ಸಾಂಬಾರು ಪುಡಿಯಿಂದ ಬೇರೆ ಮಾಡುವುದು. ನಾಗಪುರದ ಕಿತ್ತಳೆಯ ಸಿಪ್ಪೆ ಸಡಿಲ, ಉಗುರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಒಳಗಿನ ಬಿಳಿ ನಾರನ್ನು ಚಮಚದಲ್ಲಿ ಕೆರೆದು ತೆಗೆಯಿರಿ, ಕಹಿಯೆಲ್ಲ ಇರುವುದು ಅಲ್ಲೇ. ಚಳಿಗಾಲದ ಅಂಬಿಯಾ ಫಸಲಿನ ಸಿಪ್ಪೆಯನ್ನು ಇಲ್ಲಿಯ ಒಣ ಬಿಸಿಲಿಗೆ ಹರವಿದರೆ ಕೆಲವೇ ದಿನಗಳಲ್ಲಿ ಲಟಕ್ಕನೆ ಮುರಿಯುವಷ್ಟು ಒಣಗುತ್ತದೆ. ಕರ್ನಾಟಕದಲ್ಲಿರುವವರು ಕೊಡಗಿನ ಕಿತ್ತಳೆ ಸಿಕ್ಕರೆ ಬಿಡಬೇಡಿ, ಅದೂ ಇದೇ ಜಾತಿ.

ಅಳತೆ ಹೀಗಿರಲಿ: ಕೊತ್ತಂಬರಿ ನಾಲ್ಕು ಚಮಚ, ಜೀರಿಗೆ ಎರಡು, ಮೆಂತ್ಯ, ಸೋಂಪು, ಕಾಳುಮೆಣಸು ಒಂದೊಂದು, ನಾಲ್ಕು ಏಲಕ್ಕಿ, ನಾಲ್ಕು ಲವಂಗ, ಬೆರಳುದ್ದ ಚಕ್ಕೆ. ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟೇ ಹುರಿಯಬೇಕು, ಸಾರಿನ ಪುಡಿಗೆ ಹುರಿದಂತೆ ಘಮ್ಮೆನ್ನುವವರೆಗೆ ಬೇಡ. ಒಣಸಿಪ್ಪೆ ಒಂದು ಚಮಚವಾಗುವಷ್ಟು ಹಾಕಿ ಪುಡಿಮಾಡಿ, ಅರಿಶಿನ ಎರಡು ಚಮಚ, ಒಣಶುಂಠಿ ಅರ್ಧ, ಖಾರದಪುಡಿ ಅರ್ಧ ಚಮಚ ಬೆರೆಸಿ. ಅರಿಶಿನ ಹೆಚ್ಚಾಯಿತು ಅನಿಸುತ್ತದೆ. ಅದು ಹಾಗೇ ಇರಬೇಕು. ಡಬ್ಬಿಯಲ್ಲಿ ಒಂದೆರಡು ವಾರ ಬಿಟ್ಟರೆ ವಾಸನೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ನಾಲ್ಕು ಜನಕ್ಕೆ ಎರಡು ದೊಡ್ಡ ಈರುಳ್ಳಿಯನ್ನು ತೆಳ್ಳಗೆ ಸೀಳಿ, ಸ್ವಲ್ಪ ಬೆಣ್ಣೆಯಲ್ಲಿ ಬೆಲ್ಲದ ಬಣ್ಣಕ್ಕೆ ಬರುವವರೆಗೆ ಬಾಡಿಸಿ. ಇದಕ್ಕೆ ಅರ್ಧ ಗಂಟೆ ಬೇಕು. ಉರಿ ಜೋರು ಮಾಡಿ ಹತ್ತು ನಿಮಿಷದಲ್ಲಿ ಮುಗಿಸಿದರೆ ಅಂಚು ಸೀಯುತ್ತದೆ, ಸಿಹಿ ಹುಟ್ಟುವುದಿಲ್ಲ. ಶುಂಠಿ, ಬೆಳ್ಳುಳ್ಳಿ ಚೂರು ತುರಿದು ಹಾಕಿ. ಆಮೇಲೆ ಎರಡು ಕ್ಯಾರೆಟ್, ಎರಡು ಆಲೂಗಡ್ಡೆ, ಬೇಕಾದರೆ ಕೋಳಿಯ ತುಂಡುಗಳು, ಒಂದು ಲೀಟರಿಗೆ ಸ್ವಲ್ಪ ಕಡಿಮೆ ನೀರು. ನೊರೆ ತೆಗೆಯುತ್ತ ಬೇಯಿಸಿ. ಕುಕ್ಕರ್ ಕೂಗಿಸಬೇಡಿ, ಆಲೂಗಡ್ಡೆ ಕರಗಿ ಎಲ್ಲ ಗಂಜಿಯಾಗುತ್ತದೆ.

ಈ ಅಡುಗೆಯ ಜೀವಾಳ ಇನ್ನೊಂದು ಬಾಣಲೆಯಲ್ಲಿದೆ. 50 ಗ್ರಾಂ ಬೆಣ್ಣೆ ಕರಗಿಸಿ ಅಷ್ಟೇ ತೂಕದ ಮೈದಾ ಹಾಕಿ, ತೀರ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚಬೇಕು. ಮೊದಲು ಒದ್ದೆ ಮಣ್ಣಿನ ಹಾಗೆ ಗಂಟುಗಂಟಾಗಿ, ಕೊನೆಗೆ ಸಡಿಲಗೊಂಡು ನುಣ್ಣಗಾಗುತ್ತದೆ. ಹಸಿಹಿಟ್ಟಿನ ವಾಸನೆ ಹೋಗಿ ಹುರಿದ ಶೇಂಗಾದ ಬಣ್ಣ, ಬಿಸ್ಕತ್ತಿನ ಘಮ ಬಂದಾಗ ಒಲೆ ಆರಿಸಿ. ಎರಡು ಚಮಚ ಕರ್ರಿ ಪುಡಿ ಹಾಕುವುದು ಆರಿಸಿದ ಮೇಲೆಯೇ. ಉರಿಯ ಮೇಲೆ ಹಾಕಿದರೆ ಅರಿಶಿನ ಕಮರುತ್ತದೆ. ಬೇಯುತ್ತಿರುವ ಪಾತ್ರೆಯಿಂದ ಒಂದೊಂದೇ ಸೌಟು ನೀರು ತಂದು ಇದನ್ನು ಕದಡಿ, ಗಂಟಿಲ್ಲದಂತೆ ಮಾಡಿ ಪಾತ್ರೆಗೆ ಸುರಿಯಿರಿ. ಅರ್ಧ ಸೇಬು ತುರಿದು, ಒಂದು ಚಮಚ ಜೇನು, ಒಂದು ಚಮಚ ಸೋಯಾ ಸಾಸ್, ಒಂದು ಚಮಚ ಟೊಮೆಟೊ ಕೆಚಪ್, ಉಪ್ಪು. ಇನ್ನು ಹತ್ತು ನಿಮಿಷ, ತಳ ಹಿಡಿಯದಂತೆ. ಸೌಟಿನ ಬೆನ್ನಿಗೆ ಅಂಟಿದ ಗೊಜ್ಜಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಅಷ್ಟು ಹದ.

ಇನ್ನು ಕಟ್ಲೆಟ್ಟು. ಜಪಾನಿನವರ ಪಾಂಕೊ ಎಂಬುದು ನಮ್ಮ ರಸ್ಕ್ ಪುಡಿಯಲ್ಲ. ರಸ್ಕ್ ಪುಡಿ ಮರಳಿನಷ್ಟು ನುಣ್ಣಗಿರುವುದರಿಂದ ಎಣ್ಣೆ ಕುಡಿದು ಗಟ್ಟಿ ಕವಚವಾಗುತ್ತದೆ. ಪಾಂಕೊ ಅಗಲ ಅಗಲವಾದ ಎಸಳು. ಕಂದು ಅಂಚೇ ಇಲ್ಲದ ಬ್ರೆಡ್ಡು ಸಿಗಲೆಂದು ಜಪಾನಿನ ಕೆಲವು ಕಾರ್ಖಾನೆಗಳಲ್ಲಿ ಹಿಟ್ಟಿನ ಮೂಲಕ ನೇರವಾಗಿ ವಿದ್ಯುತ್ ಹರಿಸಿ ಬೇಯಿಸುತ್ತಾರೆ. ವಿದ್ಯುತ್ತಿನ ಊರಾದ ಕೋರಾಡಿಯಲ್ಲೂ ಮನೆಯಲ್ಲಿ ಅದನ್ನು ಮಾಡಹೋಗಬೇಡಿ! ನಿನ್ನೆಯ ಬಿಳಿ ಬ್ರೆಡ್ಡಿನ ಅಂಚು ಕತ್ತರಿಸಿ, ಒಂದು ಗಂಟೆ ಫ್ರೀಜರಿನಲ್ಲಿಟ್ಟು, ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿದು ತಟ್ಟೆಯಲ್ಲಿ ಹರವಿ. ಮೇ ತಿಂಗಳ ನಾಗಪುರದಲ್ಲಿ ಫ್ಯಾನಿನ ಕೆಳಗಿಟ್ಟರೂ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಬಾಣಲೆಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿಕೊಳ್ಳಬೇಕು.

ಹಂದಿಮಾಂಸ ಇಲ್ಲಿ ಸುಲಭಕ್ಕೆ ಸಿಗದು, ಕೋಳಿಯ ಎದೆಮಾಂಸ ಸಾಕು. ಕೊಡಗಿನವರಿಗೆ ಈ ತೊಂದರೆ ಇಲ್ಲ, ಪಂದಿ ಕರ್ರಿಗೆ ತಂದದ್ದರಲ್ಲಿ ಕೊಬ್ಬಿನಂಚಿರುವ ಒಂದು ಹೋಳು ತೆಗೆದಿಟ್ಟರಾಯಿತು. ಒಂದು ಸೆಂಟಿಮೀಟರ್ ದಪ್ಪಕ್ಕೆ ಕುಟ್ಟಿ, ಉಪ್ಪು, ಕಾಳುಮೆಣಸಿನ ಪುಡಿ ಸವರಿ, ಮೈದಾ, ಮೊಟ್ಟೆ, ಬ್ರೆಡ್ ಎಸಳು ಎಂಬ ಸರದಿಯಲ್ಲಿ ಹೊರಳಿಸಿ. ಎಸಳನ್ನು ಅದುಮಿ ಹಚ್ಚಬೇಡಿ, ಮೇಲಿಂದ ಉದುರಿಸಿ ಮೆಲ್ಲಗೆ ತಟ್ಟಿದರೆ ಸಾಕು. ಎಣ್ಣೆಗೆ ಒಂದು ಎಸಳು ಹಾಕಿದಾಗ ಅರ್ಧ ಮುಳುಗಿ ಮೇಲೆ ಬಂದರೆ ಕಾವು ಸರಿ, ಸುಮಾರು 170 ಡಿಗ್ರಿ. ಐದಾರು ನಿಮಿಷ ಬೇಕು. ತೆಗೆದ ಮೇಲೆ ಕಾಗದದ ಮೇಲೆ ಹಾಸಬೇಡಿ, ತಳ ಬೆವರುತ್ತದೆ. ಜಾಲರಿಯ ಮೇಲೆ ನಿಲ್ಲಿಸಿ.

ಸಸ್ಯಾಹಾರಿಗಳು ಮೂತಿ ಸಪ್ಪೆ ಮಾಡಬೇಕಾಗಿಲ್ಲ. ಸುವರ್ಣಗಡ್ಡೆಯನ್ನು ಉಪ್ಪುನೀರಿನಲ್ಲಿ ಮುಕ್ಕಾಲು ಬೇಯಿಸಿ ಇದೇ ರೀತಿ ಕರಿದರೆ ನನ್ನ ನಾಲಗೆಗೆ ಪನೀರಿಗಿಂತ ನೂರು ಪಾಲು ಮೇಲು. ಮೊಟ್ಟೆಯ ಬದಲು ಮೈದಾ ಕಲಸಿದ ನೀರು. ಮಂಗಳೂರು ಕಡೆಯವರು ‘ರವಾ ಫ್ರೈ ಥರ ರವೆ ಹಚ್ಚಬಹುದಾ?’ ಎಂದು ಕೇಳಿಯೇ ಕೇಳುತ್ತಾರೆ. ಹಚ್ಚಬಹುದು, ರುಚಿಯೂ ಹೌದು, ಆದರೆ ಗೊಜ್ಜು ತಾಗಿದೊಡನೆ ರವೆ ಮೆತ್ತಗಾಗುತ್ತದೆ. ಬ್ರೆಡ್ ಎಸಳು ಕೊನೆಯ ತುತ್ತಿನವರೆಗೂ ಕರುಂ ಎನ್ನುತ್ತದೆ.

ಅನ್ನ ಉದುರುದುರಾಗಿರಬಾರದು, ಬಾಸುಮತಿ ಖಂಡಿತ ಬೇಡ. ಸೋನಾ ಮಸೂರಿಗೆ ನೀರು ಸ್ವಲ್ಪ ಮುಂದಾಗಿ ಇಟ್ಟು, ಬಾಗಿಸದೆ ಇಂಗಿಸಿದರೆ ಹಿಡಿಯುವಷ್ಟು ಅಂಟು ಬರುತ್ತದೆ. ತಟ್ಟೆಯ ಒಂದು ಮಗ್ಗುಲಿಗೆ ಅನ್ನ, ಇನ್ನೊಂದಕ್ಕೆ ಕರ್ರಿ. ಬೆರಳಗಲಕ್ಕೆ ಕತ್ತರಿಸಿದ ಕಟ್ಲೆಟ್ಟು ಅನ್ನದ ಮೇಲೆ ಒರಗಲಿ, ಗೊಜ್ಜು ಅದರ ಒಂದು ಅಂಚಿಗೆ ಮಾತ್ರ ತಾಗಲಿ. ಎಲ್ಲ ಕಲಸಿ ಉಣ್ಣುವ ನಮ್ಮ ಕೈಗೆ ಇದೊಂದು ಕಷ್ಟದ ನಿಯಮ. ಜಪಾನಿನಲ್ಲಿ ಪಕ್ಕಕ್ಕೆ ಫುಕುಜಿನ್‌ಜುಕೆ ಎಂಬ ಕೆಂಪು ಸಿಹಿ ಉಪ್ಪಿನಕಾಯಿ ಇಡುತ್ತಾರೆ. ಮೂಲಂಗಿ ಚೂರುಗಳನ್ನು ಸಕ್ಕರೆ, ವಿನೆಗರ್, ಸೋಯಾ ಸಾಸಿನಲ್ಲಿ ನೆನೆಸಿಟ್ಟರೆ ಕೆಲಸ ನಡೆಯುತ್ತದೆ. ಮಾವಿನಮಿಡಿ ಇಟ್ಟುಕೊಳ್ಳುವವರನ್ನು ನಾನಂತೂ ತಡೆಯುವುದಿಲ್ಲ.

ಖಾರ ಸಾಲದು ಎನ್ನುವ ನೆಂಟರಿಗೆ ಹಸಿಮೆಣಸಿನಕಾಯಿ ಬೇರೆ ತಟ್ಟೆಯಲ್ಲಿ ಕೊಡಿ, ಪಾತ್ರೆಗೆ ಹಾಕಬೇಡಿ. ಮಾರನೆಯ ದಿನದ ಕರ್ರಿಗೆ ರುಚಿ ಹೆಚ್ಚು ಎಂದು ಜಪಾನೀಯರೇ ಹೇಳುತ್ತಾರೆ. ಅದು ನಿಜ. ಆದರೆ ದೊಡ್ಡ ಪಾತ್ರೆಯಲ್ಲಿ ಮೆಲ್ಲಗೆ ಆರುವ ಗಟ್ಟಿ ಗೊಜ್ಜಿನಲ್ಲಿ ಕುದಿಸಿದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆಯುತ್ತವೆ, ಅಲ್ಲಿನ ಆರೋಗ್ಯ ಇಲಾಖೆಯೂ ಈ ಎಚ್ಚರಿಕೆ ಕೊಡುತ್ತದೆ. ನಾಗಪುರದ ಸೆಕೆಯಲ್ಲಂತೂ ಕೇಳುವುದೇ ಬೇಡ. ಉಳಿದದ್ದನ್ನು ಅಗಲವಾದ ಸಣ್ಣ ಡಬ್ಬಿಗಳಿಗೆ ಬಗ್ಗಿಸಿ, ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ, ಮರುದಿನ ತಳದಿಂದ ಕಲಕುತ್ತ ಚೆನ್ನಾಗಿ ಕುದಿಸಿ. ಕಟ್ಲೆಟ್ಟನ್ನು ಮಾತ್ರ ಅಂದೇ ಮುಗಿಸಿಬಿಡಿ.